ಸಂಜೆಯ ಈಡಿಗೊಂದು ತಕ್ಕಡಿ

ನಮ್ಮೂರಲ್ಲಿ ಸಂಜೆ ತಾನಾಗಿ ಆಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಸೂರ್ಯ ಪಡುವಣ ಗುಡ್ಡದ ನೆತ್ತಿಗೆ ಬಂದು ನಿಂತುಬಿಡುತ್ತಾನೆ. ದಿಬ್ಬದ ಮೇಲಿಂದ ಕೋವಿಯಲ್ಲಿ ಒಂದು ಈಡು ಹೊಡೆದರೆ ಇಳಿಯುತ್ತಾನೆ, ಹೊಡೆಯದಿದ್ದರೆ ಇಲ್ಲ. ಬೇರೆ ಊರುಗಳಲ್ಲಿ ಜನ ಸಂಜೆಗಾಗಿ ಏನೂ ಮಾಡದೆ ಸುಮ್ಮನೆ ಜಗಲಿಯಲ್ಲಿ ಕೂತಿರುತ್ತಾರಂತೆ. ಅಷ್ಟೊಂದು ಧೈರ್ಯ ಅವರಿಗೆ ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಮ್ಮಲ್ಲಿ ಆ ಕೆಲಸ ನಮ್ಮ ಮನೆತನದ್ದು. ಈಗ ಮಾಡುವವಳು ನಾನು, ಚಂಪಾವತಿ. ನನಗೆ ಮುಂಚೆ ನನ್ನ ಸೋದರತ್ತೆ ಚೆನ್ನಾಜಮ್ಮ ಮಾಡುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದ ಮೇಲೆ ಕೋವಿ ನನ್ನ ಹೆಗಲಿಗೆ ಬಂತು, ಬಾಯಿ ಮಾತ್ರ ಅವಳ ಬಳಿಯೇ ಉಳಿಯಿತು.

ಕೋವಿ ಹಾರಿಸುವುದೇನು ಮಹಾ, ಯಾರು ಬೇಕಾದರೂ ಹಾರಿಸಿಯಾರು. ಕಷ್ಟವಿರುವುದು ತೋಟಾ ಕಟ್ಟುವುದರಲ್ಲಿ. ನಿನ್ನೆ ಹಾರಿಸಿದ ಖಾಲಿ ಹಿತ್ತಾಳೆ ತೋಟಾವನ್ನು ಒರೆಸಿ, ತಳದ ಕೇಪು ಬದಲಿಸಿ, ಮದ್ದು ತೂಗಿ ತುಂಬಿ, ಮೇಲೊಂದು ರಟ್ಟಿನ ಬಿಲ್ಲೆ ಒತ್ತಿ ಇಡಬೇಕು. ಗುಂಡು ಹಾಕುವುದಿಲ್ಲ. ಸೂರ್ಯನಿಗೆ ಗುಂಡು ಹೊಡೆಯುವಷ್ಟು ದ್ವೇಷ ನಮಗೇನಿದೆ? ಆದರೆ ಮದ್ದಿನ ತೂಕ ಒಂದು ಸಾಸಿವೆಯಷ್ಟೂ ಆಚೀಚೆ ಆಗಬಾರದು. ಹೆಚ್ಚಾದರೆ ಸೂರ್ಯ ಬೆಚ್ಚಿಬಿದ್ದು ದಡಕ್ಕನೆ ಮುಳುಗಿಬಿಡುತ್ತಾನೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕತ್ತಲೆ. ಕಮ್ಮಿಯಾದರೆ ಅರ್ಧ ಇಳಿದು ಗುಡ್ಡಕ್ಕೆ ಸಿಕ್ಕಿಕೊಂಡು, ತನಗೆ ಮನಸ್ಸು ಬಂದಾಗ ಇಳಿಯುತ್ತಾನೆ. ತಪ್ಪಾಯಿತೆಂದು ಎರಡನೇ ಈಡು ಹೊಡೆಯುವಂತಿಲ್ಲ. ನನ್ನ ಮುತ್ತಜ್ಜನ ಕಾಲದಲ್ಲಿ ಯಾರೋ ಅವಸರಗೇಡಿ ಹಾಗೆ ಹೊಡೆದು, ಮರುದಿನದ ಸಂಜೆಯೂ ಅಂದೇ ಖರ್ಚಾಗಿ, ಮಾರನೆಯ ದಿನ ಊರಿಗೆ ಊರೇ ಮಧ್ಯಾಹ್ನದಿಂದ ನೇರವಾಗಿ ಬೆಳಗಿಗೆ ಹೋಯಿತಂತೆ. ಹಾಲು ಕರೆಯುವವರು ಇಂದಿಗೂ ಆ ಮನುಷ್ಯನನ್ನು ಬೈಯುತ್ತಾರೆ.

ತೂಕಕ್ಕೆ ನಮ್ಮ ಮನೆಯಲ್ಲಿ ಇದ್ದದ್ದು ಅಕ್ಕಸಾಲಿಗರ ಪುಟ್ಟ ಹಿತ್ತಾಳೆ ತಕ್ಕಡಿ ಮತ್ತು ಒಂದು ಡಬ್ಬಿ ಗುಲಗಂಜಿ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಕಿಟಕಿಯಲ್ಲಿ ಕೋತಿ ಬಂದು, ಪಕ್ಕದಲ್ಲೇ ಇದ್ದ ಬಾಳೆಗೊನೆಯನ್ನು ಬಿಟ್ಟು ತಕ್ಕಡಿಯನ್ನೇ ಎತ್ತಿಕೊಂಡು ಹೋಯಿತು. ಹುಣಸೆಮರದ ತುದಿಯಲ್ಲಿ ಕೂತು ಎರಡೂ ತಟ್ಟೆಗೆ ಎಲೆ ಹಾಕಿ ತೂಗುತ್ತಿದೆಯೆಂದು ಬೀದಿಯವರು ಬಂದು ಹೇಳಿದರು. "ಸರಿಯಾಗಿ ತೂಗ್ತಿದ್ಯಂತಾ?" ಎಂದು ಕೇಳಿದಳು ಅತ್ತೆ. "ತೂಗ್ತಾ ಇದ್ರೆ ನಾಳೆಯಿಂದ ಅದಕ್ಕೇ ಕೊಟ್ಬಿಡೋಣ ಕಣೇ ಚಂಪಿ. ನಿನ್ನ ಹಾಗೆ ಕೈಯಲ್ಲಿ ಕೆಲಸ, ಬೀದಿ ಮೇಲೆ ಕಣ್ಣು ಅಂತೂ ಇಟ್ಟಿರೋದಿಲ್ಲ."

ಅಂದೇ ಸಂಜೆಯಾದ ಮೇಲೆ, ಎಂದಿನ ರೂಢಿಯಂತೆ, ಹೊತ್ತಿನ ಕಮಿಟಿ ಸೇರಿತು. ಹೊತ್ತಿನ ಕಮಿಟಿಯೆಂದರೆ ಯಾವ ಕಾಲಕ್ಕೆ ದಿನಕ್ಕೆ ಎಷ್ಟು ಮದ್ದು ಎಂದು ತೀರ್ಮಾನಿಸುವ ಊರ ಹಿರಿಯರು. ಅದರ ಅಧ್ಯಕ್ಷರು ಹಪ್ಪಳದ ಕಾರ್ಖಾನೆಯ ಈರಭದ್ರಯ್ಯ. ಹಪ್ಪಳ ಒಣಗಲೆಂದು ಬಿಸಿಲು ಉದ್ದ ಮಾಡಿಸುತ್ತಾರೆ ಎಂಬ ಅಪವಾದಕ್ಕೆ ಹೆದರಿ, ಅವರು ಊರಲ್ಲೇ ಎಲ್ಲರಿಗಿಂತ ಕಟ್ಟುನಿಟ್ಟಿನ ಮನುಷ್ಯರಾಗಿಬಿಟ್ಟಿದ್ದರು. "ಇನ್ಮೇಲೆ ಗುಲಗಂಜಿ ಗಿಲಗಂಜಿ ಬೇಡ. ಡಿಜಿಟಲ್ ತಕ್ಕಡಿ ತರಿಸೋಣ. ಮಿಲಿಗ್ರಾಂ ಲೆಕ್ಕ ತೋರಿಸೋದು," ಎಂದರು. ಆರಿಸುವ ಹೊಣೆ ನನ್ನದೆಂದಾಯಿತು. ದೂರದ ಪಟ್ಟಣದ ಒಂದು ತಕ್ಕಡಿ ಅಂಗಡಿಯವರು ತಮ್ಮ ಮನುಷ್ಯನನ್ನು ಪ್ರತಿ ಸಂತೆಯ ದಿನ ಒಂದೊಂದು ತಕ್ಕಡಿ ಕೊಟ್ಟು ಕಳಿಸುತ್ತಾರೆ, ಅದರಲ್ಲಿ ಅಂದಿನ ಮದ್ದು ತೂಗಿ ಒಂದು ಸಂಜೆ ಮಾಡಿ ನೋಡುವುದು, ಚಂಪಾವತಿ ಒಪ್ಪಿದ್ದನ್ನು ಕೊಳ್ಳುವುದು, ಇದು ಒಪ್ಪಂದ.

ಆ ಮನುಷ್ಯನ ಹೆಸರು ಶಂಭುಲಿಂಗ. ಬಡಗಣ ಸೀಮೆಯವನು. ಬೆಳಗಿನ ಬಸ್ಸಿಗೆ ಬಂದು ಇಳಿದ. ಇಸ್ತ್ರಿ ಮಾಡಿದ ಅಂಗಿ, ಎದೆಗೆ ಅವುಚಿ ಹಿಡಿದ ಪೆಟ್ಟಿಗೆ. ಮದ್ದಿನ ಕೋಣೆಗೆ ಬಂದವನು ನನ್ನ ಮುಖವನ್ನೂ ಸರಿಯಾಗಿ ನೋಡದೆ ಮೇಜಿನ ಮುಂದೆ ಮಂಡಿಯೂರಿ ಕೂತ. ಗಾಜಿನ ಪುಟ್ಟ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟು ಅದರೊಳಗಿನ ನೀರಗುಳ್ಳೆಯನ್ನೇ ನೋಡುತ್ತ, "ಮೇಜು ಒಂಚೂರು ವಾಲೈತ್ರಿ ಅಮ್ಮಾರ," ಎಂದ.

"ನಮ್ಮಪ್ಪನ ಕಾಲದಿಂದ ವಾಲೇ ಇದೆ ಕಣಪ್ಪ. ಯಾರೂ ಬಿದ್ದಿಲ್ಲ," ಎಂದಳು ಅತ್ತೆ.

ಅವನು ನಗಲಿಲ್ಲ. ಮೇಜಿನ ಕಾಲಿಗೆ ರಟ್ಟು ಮಡಚಿ ಕೊಟ್ಟು, ತಕ್ಕಡಿಯ ಕೆಳಗಿನ ತಿರುಪುಗಳನ್ನು ಬೆರಳಲ್ಲಿ ತಿರುವಿ, ನೀರಗುಳ್ಳೆ ನಟ್ಟನಡುವೆ ಬಂದು ನಿಂತ ಮೇಲೆ ಉಸಿರು ಬಿಟ್ಟ. ಆಮೇಲೆ ಮಕಮಲ್ಲಿನ ಡಬ್ಬಿ ತೆರೆದು, ಚಿಮುಟದಲ್ಲಿ ಹೊಳೆಯುವ ಒಂದು ಪುಟ್ಟ ತೂಕವನ್ನು ಎತ್ತಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ತಟ್ಟೆಯ ಮೇಲಿಟ್ಟ. ತಕ್ಕಡಿ ಸರಿಯಾದ ಅಂಕಿ ತೋರಿಸಿದಾಗ ಅವನ ಮುಖದಲ್ಲಿ ಎಂಥ ಸಂತೋಷವೆಂದರೆ, ನಾನು ತಕ್ಕಡಿ ನೋಡುವುದನ್ನು ಬಿಟ್ಟು ಅವನನ್ನೇ ನೋಡಿದೆ. ಮುಚ್ಚುಮರೆ ಏಕೆ, ನನ್ನ ಕತೆ ಅಲ್ಲಿಗೇ ಮುಗಿಯಿತು. ನನ್ನನ್ನೂ ಯಾರಾದರೂ ಅಷ್ಟು ಜೋಪಾನವಾಗಿ ನೋಡಲಿ ಎನ್ನಿಸಿತು. ಯಾರಾದರೂ ಏನು, ಅವನೇ ನೋಡಲಿ ಎನ್ನಿಸಿತು.

ನಮ್ಮಲ್ಲಿ ಮದ್ದು ತೂಗುವುದಕ್ಕೆ ಒಂದು ಕ್ರಮವಿದೆ. ಸುರಿಯುವ ಕೈ ಒಬ್ಬರದು, ಕೂಗುವ ಬಾಯಿ ಇನ್ನೊಬ್ಬರದು. ಕಮಿಟಿಯವರು ಹೊರಗೆ ಜಗಲಿಯಲ್ಲಿ ಕೂತು ಅಂದಿನ ತೂಕ ಹೇಳುತ್ತಾರೆ. ಒಳಗೆ ಒಬ್ಬರು ಸುರಿಯಬೇಕು, ಇನ್ನೊಬ್ಬರು ತಕ್ಕಡಿ ನೋಡಿ ಸರಿಯಾಯಿತೆಂದು ಹೊರಗೆ ಕೇಳುವಂತೆ ಕೂಗಬೇಕು. ತನ್ನ ಮನೆಯ ಅನುಕೂಲಕ್ಕೆ ಯಾರೂ ಒಬ್ಬರೇ ಸಂಜೆಯನ್ನು ತಿದ್ದಬಾರದು ಎಂದು. ಮೊದಲು ಅತ್ತೆ ಕೂಗುತ್ತಿದ್ದಳು. ಅವಳಿಗೆ ಡಿಜಿಟಲ್ ಅಂಕಿ ಕಾಣುತ್ತಿರಲಿಲ್ಲವಾದ್ದರಿಂದ ಸಂತೆಯ ದಿನ ಶಂಭುಲಿಂಗನೇ ಕೂಗತೊಡಗಿದ. ಅವನ ಸೀಮೆಯ ಮಾತಿನಲ್ಲಿ ಸರಿಯಾಗಿದೆ ಎನ್ನುವುದಕ್ಕೆ ಬರೋಬರಿ ಎನ್ನುತ್ತಾರೆ. "ಬರೋಬರಿ!" ಎಂದು ಅವನು ಕೂಗಿದರೆ ನಮ್ಮ ಹಳೆಯ ಗೋಡೆಗಳಿಗೂ ಖುಷಿಯಾಗುತ್ತಿತ್ತು.

ಮೊದಲ ದಿನದ್ದು ಅಂಗೈಯಗಲದ ತಕ್ಕಡಿ. ನಾನು ತಟ್ಟೆಗೆ ಚಿಟಿಕೆ ಚಿಟಿಕೆಯಾಗಿ ಮದ್ದು ಉದುರಿಸುತ್ತಿದ್ದೆ. ನಡುವೆ ಶಂಭುಲಿಂಗ ಏನೋ ಕೇಳಿದ, ನಾನು ಏನೋ ಹೇಳಿದೆ, ಅಷ್ಟರಲ್ಲಿ ತಕ್ಕಡಿ ಬೇಸರಗೊಂಡು ತಾನೇ ಆರಿಹೋಯಿತು. ಬ್ಯಾಟರಿ ಉಳಿಸಲಿಕ್ಕೆ ಅದು ಹಾಗೆ ಮಾಡುತ್ತದಂತೆ. ಗಾಬರಿಯಲ್ಲಿ ನಾನೇ ಗುಂಡಿ ಒತ್ತಿದೆ, ಮತ್ತೆ ಹೊತ್ತಿಕೊಂಡಿತು, ಸೊನ್ನೆ ತೋರಿಸಿತು. ತಟ್ಟೆಯಲ್ಲಿ ಆಗಲೇ ಮದ್ದಿರುವಾಗ ಅದು ಸೊನ್ನೆ ಎಂದಿದೆ ಎನ್ನುವುದು ಆ ತಳಮಳದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಸೊನ್ನೆಯಿಂದ ಪೂರ್ತಿ ಸುರಿದೆ. ಅವನು ಅಂಕಿ ಓದಿ ಕೂಗಿದ.

ಆ ಈಡಿಗೆ ಸೂರ್ಯ ಹೇಗೆ ಬಿದ್ದನೆಂದರೆ ಗುಡ್ಡದ ಆಚೆಯಿಂದ ಧೂಳೆದ್ದಿತು ಎನ್ನುವವರೂ ಇದ್ದಾರೆ. ಕ್ಷೌರಿಕನ ಅಂಗಡಿಯಲ್ಲಿ ಒಬ್ಬರಿಗೆ ಒಂದೇ ಕೆನ್ನೆ ಆಗಿತ್ತು. ಕೋಳಿಗಳು ನಿಂತನಿಂತಲ್ಲೇ ನಿದ್ದೆಹೋದವು. ಈರಭದ್ರಯ್ಯ ತಾರಸಿಯ ಮೇಲೆ ಕತ್ತಲಲ್ಲಿ ಹಪ್ಪಳ ಎತ್ತಲು ಹೋಗಿ, ಎತ್ತಿದ್ದಕ್ಕಿಂತ ತುಳಿದದ್ದೇ ಹೆಚ್ಚಾಯಿತು. ಇದೆಲ್ಲ ನನಗೆ ದುಃಖವಲ್ಲ. ದುಃಖವೆಂದರೆ ಬಸ್ಸು. ಸಂಜೆ ಬಸ್ಸಿನ ಡ್ರೈವರ್ ದಾಸೇಗೌಡರು ಸಂಜೆಯಾಗದೆ ಗಾಡಿ ತೆಗೆಯುವುದಿಲ್ಲ, ಸಂಜೆಯಾದ ಮೇಲೆ ಒಂದು ಗಳಿಗೆ ನಿಲ್ಲುವುದೂ ಇಲ್ಲ. ಕತ್ತಲು ಕವಿದದ್ದೇ ಹಾರ್ನ್ ಹೊಡೆದರು. ಶಂಭುಲಿಂಗ ಅರ್ಧ ಕುಡಿದ ಕಾಫಿ ಲೋಟ ಅತ್ತೆಯ ಕೈಗೆ ಕೊಟ್ಟು, ಪೆಟ್ಟಿಗೆ ಅವುಚಿಕೊಂಡು ಓಡಿದ. ಆ ಲೋಟ ನೋಡಿ ನಾನು ಪಾಠ ಕಲಿತೆ. ಮದ್ದು ಹೆಚ್ಚಾದರೆ ಅವನು ಬೇಗ ಹೋಗುತ್ತಾನೆ.

ಮುಂದಿನ ಸಂತೆಗೆ ತಂದದ್ದು ನಿದ್ದೆಹೋಗದ ತಕ್ಕಡಿ. ಆದರೆ ಅದಕ್ಕೆ ಗಾಳಿಯೆಂದರೆ ಆಗದು. ಫ್ಯಾನು ನಿಲ್ಲಿಸಿದೆವು, ಕಿಟಕಿ ಮುಚ್ಚಿದೆವು, ಆದರೂ ಅಂಕಿಗಳು ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದವು. ಬಾಗಿಲ ಬಳಿ ಅತ್ತೆ ಉಸಿರಾಡಿದರೂ ಅದಕ್ಕೆ ಗೊತ್ತಾಗುತ್ತಿತ್ತು. "ಅಮ್ಮಾರ, ಒಂಚೂರು ಉಸಿರು ಹಿಡೀತೀರೇನ್ರಿ?" ಎಂದು ಅವನು ವಿನಯದಿಂದ ಕೇಳಿದ. "ಈ ವಯಸ್ಸಲ್ಲಿ ನನ್ನ ಉಸಿರು ನಿಲ್ಲಿಸೋಕೆ ಅಷ್ಟು ದೂರದಿಂದ ಬಂದ್ಯಾ ತಂದೆ?" ಎಂದು ಅತ್ತೆ ಎದ್ದು ಹೊರಗೆ ಹೋದಳು. ಕುಣಿಯುವ ಅಂಕಿ ಒಂದು ಕ್ಷಣ ನಿಂತಾಗ ಅವನು ಓದಿ ಕೂಗಿದ. ಮದ್ದು ಕಮ್ಮಿ ಬಿದ್ದಿತ್ತು. ಸೂರ್ಯ ಅರ್ಧ ಇಳಿದು ಗುಡ್ಡಕ್ಕೆ ಸಿಕ್ಕಿಕೊಂಡ.

ಎಂಥ ಸಂಜೆ ಅದು! ಊರೆಲ್ಲ ಕುಂಕುಮ ಚೆಲ್ಲಿದಂತೆ ಕೆಂಪಗೆ ನಿಂತೇ ಇತ್ತು. ಸೂರ್ಯ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಹೆಂಗಸರು ಎರಡನೇ ಸಲ ಹೂ ಕಟ್ಟಲು ಕೂತರು, ಗಂಡಸರು ಚೌಕಾಬಾರ ಹಾಸಿದರು, ಬೋಂಡದ ಅಂಗಡಿಯವನು ಹೊಸದಾಗಿ ಎಣ್ಣೆ ಇಟ್ಟ. ದಾಸೇಗೌಡರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ಶಂಭುಲಿಂಗ ನಮ್ಮ ಜಗಲಿಯಲ್ಲಿ ಕೂತ. ಅತ್ತೆ ಅವರೆಕಾಳಿನ ಪೊಟ್ಟಣ ತಂದು, "ಅಂಗಡಿಯವನು ಕಾಲು ಕೆಜಿ ಅಂದ. ಸರಿಯಾಗಿ ಕೊಟ್ಟಿದಾನಾ ನೋಡಪ್ಪ," ಎಂದಳು. ಅವನು ಒಳಗೆ ಹೋಗಿ ತೂಗಿ ಬಂದು, "ಒಂದೆರಡು ಕಾಳು ಜಾಸ್ತಿನ ಕೊಟ್ಟಾನ್ರಿ," ಎಂದು ಆ ಕಾಳುಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಹಿಂದಕ್ಕೆ ಕೊಟ್ಟುಬಂದ. ಅಂಗಡಿಯವನು ಇದು ಯಾವ ಸೀಮೆಯ ಬೈಗುಳವೋ ಎಂದು ದಿಗಿಲುಬಿದ್ದು ನೋಡುತ್ತಲೇ ಇದ್ದನಂತೆ.

"ಎರಡು ಕಾಳಿಗೆ ಇಷ್ಟೇಕೆ?" ಎಂದು ಕೇಳಿದೆ.

"ನಂಬರ್ ಏನ್ ತೋರಿಸ್ತೈತಿ ಅದನ್ನ ಓದೂದು ಅಷ್ಟ ನನ್ನ ಕೆಲಸಾರಿ ಚಂಪಾವತಿಯವರ. ಅದರ ಮ್ಯಾಲ ನಂದೇನೂ ಸೇರಸಂಗಿಲ್ಲ, ಅದರಾಗಿಂದು ಏನೂ ತಗಿಯಂಗಿಲ್ಲ," ಎಂದ. ಎಷ್ಟು ಗಂಭೀರವಾಗಿ ಹೇಳಿದನೆಂದರೆ ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ನನ್ನ ಹೆಸರನ್ನು ಅವನು ಪೂರ್ತಿ ಹೇಳಿದ್ದು ಅದೇ ಮೊದಲು. ಊರವರೆಲ್ಲ ಚಂಪಿ ಚಂಪಿ ಎಂದು ಸವೆಸಿಬಿಟ್ಟಿದ್ದ ಹೆಸರು ಅಂದು ಹೊಸದಾಗಿ ಕೇಳಿಸಿತು.

ಅಲ್ಲಿಂದ ಮುಂದೆ ನನ್ನಷ್ಟು ಚೌಕಾಸಿಯ ಗಿರಾಕಿ ಈ ಭೂಮಿಯ ಮೇಲೆ ಇರಲಿಲ್ಲ. ಮೊದಮೊದಲು ನಿಜವಾದ ಕೊರತೆಗಳೇ ಸಿಕ್ಕವು. ಒಂದು ತಕ್ಕಡಿಯ ಪ್ಲಾಸ್ಟಿಕ್ ತಟ್ಟೆಗೆ ಮದ್ದು ಅಂಟಿಕೊಂಡು ಕೊಡವಿದರೂ ಬೀಳುತ್ತಿರಲಿಲ್ಲ. ಇನ್ನೊಂದು ಈರಭದ್ರಯ್ಯನವರ ಫೋನು ಜಗಲಿಯಲ್ಲಿ ಹೊಡೆದುಕೊಂಡರೆ ಒಳಗೆ ತಾನೇ ಹೆಚ್ಚು ತೋರಿಸುತ್ತಿತ್ತು. ಮತ್ತೊಂದಕ್ಕೆ ಮೆಲ್ಲಗೆ ಕಾಳು ಕಾಳಾಗಿ ಉದುರಿಸಿದರೆ ಗೊತ್ತೇ ಆಗುತ್ತಿರಲಿಲ್ಲ, ಒಮ್ಮೆಗೇ ಹಾಕಿದರೆ ಮಾತ್ರ ಎಚ್ಚರವಾಗುತ್ತಿತ್ತು. ಇವುಗಳನ್ನು ಹೇಳಿದಾಗ ಶಂಭುಲಿಂಗ ಹೌದೆಂದು ಒಪ್ಪಿ ಪೆಟ್ಟಿಗೆ ಕಟ್ಟುತ್ತಿದ್ದ. ಕೊರತೆಗಳು ಖಾಲಿಯಾದ ಮೇಲೆ ಹುಟ್ಟಿಸಬೇಕಾಯಿತು. ಅಂಕಿಗಳು ನೀಲಿ, ನೋಡಿದರೆ ನಿದ್ದೆ ಬರುತ್ತದೆ ಎಂದೆ. ಗುಂಡಿ ಒತ್ತಿದರೆ ಕೀಂ ಎನ್ನುತ್ತದೆ, ಬೆಕ್ಕು ಹೆದರಿ ಹಾಲು ಬಿಟ್ಟಿದೆ ಎಂದೆ. ಎಂಟಕ್ಕೂ ಆರಕ್ಕೂ ಮುಖ ಒಂದೇ ಥರ ಇದೆ ಎಂದೆ. ಪುಣ್ಯಾತ್ಮ ಒಂದೊಂದಕ್ಕೂ ತಲೆಯಾಡಿಸಿ, "ಅದೂ ಖರೇನ ಐತ್ರಿ," ಎನ್ನುತ್ತಿದ್ದ. ಒಂದೇ ಒಂದು ಸಲವಾದರೂ ಇದೇನು ಹುಚ್ಚು ಎಂದು ಕೇಳಲಿಲ್ಲ. ಅದು ದಡ್ಡತನವೋ ಬೇರೇನೋ ಎಂದು ನಾನು ವಾರವಿಡೀ ತಲೆಕೆಡಿಸಿಕೊಳ್ಳುತ್ತಿದ್ದೆ.

ಊರಿನವರು ಇದಕ್ಕೂ ಒಗ್ಗಿಹೋದರು. ಸಂತೆಯ ದಿನದ ಸಂಜೆ ನಂಬುವಂಥದ್ದಲ್ಲ ಎಂದು ಮದುವೆ, ಸೀಮಂತಗಳನ್ನು ಬೇರೆ ದಿನಕ್ಕೆ ಇಟ್ಟುಕೊಂಡರು. ಮೊಸರಿಗೆ ಎರಡು ಸಲ ಹೆಪ್ಪು ಹಾಕಿದರು. ಉಳಿದ ದಿನಗಳಲ್ಲಿ ನಾನು ಹಳೆಯ ಗುಲಗಂಜಿಯನ್ನೇ ಅಂಗೈಯಲ್ಲಿ ಆಡಿಸಿ ಅಂದಾಜಿನ ಮೇಲೆ ತೋಟಾ ಕಟ್ಟುತ್ತಿದ್ದೆ, ಅತ್ತೆ ಎಂದಿನಂತೆ ಕೂಗುತ್ತಿದ್ದಳು, ಆ ಸಂಜೆಗಳು ಹೇಗೋ ಸರಿಯಾಗಿಯೇ ಆಗುತ್ತಿದ್ದವು. ಅಂದರೆ ತಕ್ಕಡಿಯೇ ಬೇಕಿಲ್ಲ ಎನ್ನುವುದನ್ನು ಮಾತ್ರ ನಾನು ಯಾರಿಗೂ ಬಾಯಿಬಿಡಲಿಲ್ಲ.

ಅತ್ತೆಯಿಂದ ಮುಚ್ಚಿಡುವುದು ಯಾರಿಂದ ಸಾಧ್ಯ? ಒಂದು ದಿನ ಹುರುಳಿ ಆರಿಸುತ್ತ ಕೂತವಳು ತಲೆಯೆತ್ತದೆ, "ತಕ್ಕಡಿ ಬೇಕೋ, ತಕ್ಕಡಿಯವನು ಬೇಕೋ?" ಎಂದಳು.

"ಏನತ್ತೆ ಹಾಗಂದ್ರೆ?" ಎಂದೆ.

"ನಂಗೆ ಕಣ್ಣು ಕಾಣಲ್ಲ ಅಷ್ಟೇ. ಸಂತೆ ದಿನ ನೀನು ಮಲ್ಲಿಗೆ ಮುಡ್ಕೊಂಡಿದ್ದು ಮೂಗಿಗೆ ಬರುತ್ತೆ. ಮದ್ದಿನ ವಾಸನೆ ಜೊತೆ ಮಲ್ಲಿಗೆ! ನಮ್ಮ ವಂಶದಲ್ಲೇ ಇಲ್ಲ."

"ಅವನೇ ಬೇಕು," ಎಂದುಬಿಟ್ಟೆ. ಹೇಳಿದ ಮೇಲೆ ಮುಖ ಬಿಸಿಯಾಗಿ, ಎದ್ದು ಹೋಗಿ ಬಾಯಾರಿಕೆಯಿಲ್ಲದಿದ್ದರೂ ನೀರು ಮೊಗೆದೆ.

"ಹಾಗಾದ್ರೆ ಬಾಯಿ ಬಿಟ್ಟು ಹೇಳು. ಎಷ್ಟು ದಿನ ಅಂತ ಆ ಬಡಪಾಯಿ ಯಂತ್ರಗಳ ಮೇಲೆ ತಪ್ಪು ಹೊರಿಸ್ತೀಯ?"

ಹೇಳುವುದು ಸುಲಭವೇ? ಅವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು. ಅಂಕಿ ಮಾತ್ರ ನೋಡುವ ಮನುಷ್ಯ ಅವನು. ಹೇಳಿ, ಅವನು ತಲೆಯಾಡಿಸಿ ಪೆಟ್ಟಿಗೆ ಕಟ್ಟಿದರೆ? ಹೇಳದೆ ಇದ್ದರೆ ಮುಂದಿನ ಸಂತೆಗಾದರೂ ಬರುತ್ತಾನಲ್ಲ ಎಂದು ಸುಮ್ಮನಾದೆ.

ಆದರೆ ಮುಂದಿನ ಸಂತೆಗಳು ಮುಗಿಯುತ್ತ ಬಂದವು. ಒಂದು ಬೆಳಿಗ್ಗೆ ಈರಭದ್ರಯ್ಯ ನಮ್ಮ ಮನೆಗೇ ಬಂದರು. "ಸಾಕಮ್ಮ ಚಂಪಿ. ಅಂಗಡಿಯವರು ಬೇಸತ್ತು ಹೇಳಿಕಳಿಸಿದಾರೆ. ಅವರ ಹತ್ತಿರ ಇರೋ ಅತ್ಯಂತ ಒಳ್ಳೇ ತಕ್ಕಡಿ ಈ ಸಂತೆಗೆ ಬರ್ತದಂತೆ, ಅದೇ ಕೊನೇದು. ಆಮೇಲೆ ಆ ಹುಡುಗನ್ನ ಕಡಲ ಕಡೆ ಅಂಗಡಿಗೆ ಹಾಕ್ತಾರಂತೆ. ನೀನು ಒಪ್ಪಿದ್ರೂ ಸರಿ, ಬಿಟ್ಟರೂ ಸರಿ, ನಾವು ಅದನ್ನೇ ಕೊಳ್ತೀವಿ. ಇನ್ನೊಂದು ಮಾತು. ತಕ್ಕಡಿ ಸರಿಯಿದ್ದೂ ಸಂಜೆ ಕೆಟ್ಟರೆ, ಆಗ ತಪ್ಪು ಕೈಯದು. ಕೋವಿ ಬೇರೆಯವರ ಮನೆಗೆ ಹೋಗ್ತದೆ," ಎಂದರು.

ಆ ಸಂತೆಯ ದಿನ ಅವನು ಇಳಿದಾಗ ಕೈಯಲ್ಲಿ ಪೆಟ್ಟಿಗೆ, ಹೆಗಲಲ್ಲಿ ಬಟ್ಟೆಯ ದೊಡ್ಡ ಚೀಲ. ನಮ್ಮೂರಿಂದ ನೇರವಾಗಿ ಕಡಲ ಕಡೆಗೇ ಹೋಗುವವನು. ಚೀಲವನ್ನು ಸಂಜೆ ಹೊರಡುವ ದಾಸೇಗೌಡರ ಬಸ್ಸಿನ ಮೇಲೆ ಹಾಕಿ ಪೆಟ್ಟಿಗೆ ತಂದ. ತೆರೆದರೆ ಒಳಗೆ ಗಾಜಿನ ಮನೆಯಂಥ ತಕ್ಕಡಿ. ಮೂರು ಕಡೆ ಬಾಗಿಲು, ಒಳಗೆ ಗಾಳಿ ನುಗ್ಗದು. ಆರಿಹೋಗದು. ಮದ್ದಿನ ಒಂದೇ ಒಂದು ಕಣ ಬಿದ್ದರೂ ಅಂಕಿ ಕದಲಿ, ಕದಲಿದ್ದು ತಕ್ಷಣ ನಿಲ್ಲುತ್ತದೆ. ಫೋನು ಹೊಡೆಸಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಉಫ್ ಎಂದು ಊದಿ ನೋಡಿದೆ. ಬೆಕ್ಕನ್ನು ತಂದು ಪಕ್ಕದಲ್ಲಿ ಕೂರಿಸಿದೆ, ಬೆಕ್ಕು ಗಾಜಿಗೆ ಮೈ ತಿಕ್ಕಿ ಮಲಗಿತು. ಎಂಟು ಎಂಟರಂತಿತ್ತು, ಆರು ಆರರಂತಿತ್ತು.

"ಏನರ ಕೊರತಿ ಐತೇನ್ರಿ?" ಎಂದ.

"ಇಲ್ಲ," ಎಂದೆ.

ಅವನು ಗಾಜಿನ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದ. ಆಮೇಲೆ ಕೆಳದನಿಯಲ್ಲಿ, "ಇನ್ನೊಮ್ಮೆ ನೋಡ್ರಲಾ," ಎಂದ.

ತಕ್ಕಡಿ ಮಾರಲು ಬಂದವನು ತಕ್ಕಡಿಯಲ್ಲಿ ತಪ್ಪು ಹುಡುಕೆಂದು ಬೇಡುತ್ತಿದ್ದ. ಕೇಳಿದ್ದು ನಿಜವೋ ಸುಳ್ಳೋ ಎಂದು ತಿರುಗಿ ನೋಡುವಷ್ಟರಲ್ಲಿ ಜಗಲಿಯಿಂದ ಈರಭದ್ರಯ್ಯನವರ ದನಿ. "ಹೊತ್ತಾಯ್ತು! ಸೂರ್ಯ ಬಂದು ನಿಂತಿದಾನೆ! ಸುರೀಮ್ಮ!"

ಸುರಿಯತೊಡಗಿದೆ. ಗಾಜಿನ ಬಾಗಿಲೊಳಗೆ ಕೈ ಚಾಚಿ, ಪುಟ್ಟ ಚಮಚೆಯ ತುದಿಯನ್ನು ಬೆರಳಲ್ಲಿ ತಟ್ಟಿ ತಟ್ಟಿ. ಪಕ್ಕದಲ್ಲಿ ಅವನು, ಅವನ ಇಸ್ತ್ರಿಯ ವಾಸನೆ. ತಟ್ಟೆ ತುಂಬುತ್ತ ಬಂತು. ಇನ್ನೊಂದು ಸಾಸಿವೆಯಷ್ಟು ಬಿದ್ದರೆ ತೂಕ ಪೂರ್ತಿ, ಈಡು ಸರಿಯಾಗಿ ಆಗುತ್ತದೆ, ಸೂರ್ಯ ಸರಿಯಾಗಿ ಮುಳುಗುತ್ತಾನೆ, ದಾಸೇಗೌಡರು ಹಾರ್ನ್ ಹೊಡೆಯುತ್ತಾರೆ, ಮುಗಿಯಿತು. ನನ್ನ ಬೆರಳು ನಿಂತಿತು. ನಿಂತಿತು ಎಂದೇಕೆ ಹೇಳಲಿ, ನಾನೇ ನಿಲ್ಲಿಸಿದೆ. ಅಜ್ಜ ಮುತ್ತಜ್ಜಂದಿರ ಕೋವಿ ಹೋದರೆ ಹೋಗಲಿ, ಸಂಜೆ ಒಂದಿಷ್ಟು ಉದ್ದವಾಗಲಿ, ಅಷ್ಟರಲ್ಲಿ ನಾನು ಬಾಯಿ ಬಿಟ್ಟು ಹೇಳಿಬಿಡುತ್ತೇನೆ ಎಂದುಕೊಂಡೆ. ಆಮೇಲೆ ನೆನಪಾಯಿತು, ಕೂಗುವವನು ಇವನಲ್ಲವೇ! ಎರಡು ಅವರೆಕಾಳನ್ನು ಹಿಂದಕ್ಕೆ ಕೊಟ್ಟುಬಂದ ಮನುಷ್ಯ. ಈಗ "ಕಮ್ಮಿ ಐತಿ" ಎನ್ನುತ್ತಾನೆ. ನಾನು ತಲೆ ಬಗ್ಗಿಸಿ ತಟ್ಟೆಯನ್ನೇ ನೋಡುತ್ತ ಕಾದೆ.

"ಏನಾಯ್ತು ಒಳಗೆ?" ಎಂದು ಜಗಲಿಯಿಂದ ಕೂಗಿದರು.

"ಬರೋಬರಿ!" ಎಂದ ಶಂಭುಲಿಂಗ.

ನನ್ನ ಕೈಯಿಂದ ಚಮಚೆ ಬಿದ್ದು ಟಣ್ ಎಂದಿತು. ಅವನು ಸುಳ್ಳು ಹೇಳಿದ್ದ. ನನಗಾಗಿ ಹೇಳಿದ್ದ. ಮದ್ದನ್ನು ತೋಟಾಕ್ಕೆ ಸುರಿದದ್ದು, ಬಿಲ್ಲೆ ಒತ್ತಿದ್ದು, ದಿಬ್ಬ ಹತ್ತಿದ್ದು ಯಾವುದೂ ನನಗೆ ನೆನಪಿಲ್ಲ. ನಗು ಬರುತ್ತಿತ್ತು, ಹೆದರಿಕೆಯಾಗುತ್ತಿತ್ತು, ಎರಡೂ ಒಟ್ಟಿಗೆ. ಈಡು ಹೊಡೆದೆ. ಸೂರ್ಯ ಅರ್ಧ ಇಳಿದ. ಗುಡ್ಡಕ್ಕೆ ಸಿಕ್ಕಿಕೊಂಡು ಹಾಯಾಗಿ ನಿಂತ.

ಕೆಳಗೆ ಬೀದಿಯಲ್ಲಿ ಹೋ ಎಂದು ಸಂಭ್ರಮ. ಬೋಂಡದ ಎಣ್ಣೆಯ ಸದ್ದು, ಚೌಕಾಬಾರದ ಕವಡೆಯ ಸದ್ದು, ಮಲಗಿದ್ದ ಮಕ್ಕಳನ್ನೂ ಎಬ್ಬಿಸಿ ತಂದಿದ್ದರು. ನಾನು ಇಳಿದು ಬರುವ ಹೊತ್ತಿಗೆ ನಮ್ಮ ಮನೆಯ ಮುಂದೆ ಅರ್ಧ ಊರು ಸೇರಿತ್ತು. ಈರಭದ್ರಯ್ಯ ಕೆಂಪು ಬೆಳಕಿನಲ್ಲಿ ಇನ್ನಷ್ಟು ಕೆಂಪಾಗಿ ನಿಂತಿದ್ದರು. ಶಂಭುಲಿಂಗ ಜಗಲಿಯ ಮುಂದೆ ಪೆಟ್ಟಿಗೆ ಹಿಡಿದು ನಿಂತಿದ್ದ.

"ಈಗ ಹೇಳಿ. ತಪ್ಪು ತಕ್ಕಡಿಯದೋ ಕೈಯದೋ?" ಎಂದರು ಈರಭದ್ರಯ್ಯ.

ತಕ್ಕಡಿಯದೆಂದರೆ ಅವನ ಹೆಸರು ಕೆಡುತ್ತದೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮುಂದೆ ಬಂದ.

"ತಕ್ಕಡಿ ಸರಿ ಐತ್ರಿ ಯಜಮಾನ್ರ. ಅವರ ಕೈನೂ ಸರೀನ ಇರಬೇಕು, ನನಗ ಗೊತ್ತಿಲ್ಲ. ತಪ್ಪು ಓದಿದಾಂವಂದು. ನಾ ನಂಬರ್ ನೋಡೇ ಇಲ್ರಿ."

"ನೋಡೇ ಇಲ್ಲ? ನೋಡದೇ ಬರೋಬರಿ ಅಂದ್ಯಾ?"

"ಹೌದ್ರಿ."

"ಮತ್ತೆ ಏನು ನೋಡ್ತಾ ಇದ್ದೆ ಮಾರಾಯ?"

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ. ಎರಡೂ ಕೈ ಖಾಲಿ ಮಾಡಿಕೊಂಡು, ಅಷ್ಟು ಜನರ ಮುಂದೆ ನನ್ನ ಕಡೆ ತಿರುಗಿದ. "ಇವರನ್ನ ನೋಡಾಕತ್ತಿದ್ದೆ. ನನಗ ಬರೋಬರಿ ಅನಿಸ್ತು, ಅಂದೆ."

ಬೋಂಡದ ಎಣ್ಣೆಯೊಂದು ಬಿಟ್ಟು ಉಳಿದೆಲ್ಲ ಸದ್ದು ನಿಂತಿತು. ಅವನು ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಓದಿದ್ದ. ನನಗೆ ಅಳು ನುಗ್ಗಿ ಬಂತು, ಅದರ ಮೇಲೆ ನಗು ಬಂತು.

"ಇವರು ನೋಡಿದ್ದರೂ ಕಮ್ಮಿಯೇ ಕಾಣ್ತಿತ್ತು," ಎಂದೆ. ಎಷ್ಟು ಜೋರಾಗಿ ಎಂದರೆ ಹುಣಸೆಮರದ ಕಾಗೆಗಳೆದ್ದವು. "ನಾನು ಬೇಕಂತಲೇ ಒಂದು ಸಾಸಿವೆ ಕಮ್ಮಿ ಹಾಕಿದೆ. ಇವರು ಹೋಗಬಾರದು ಅಂತ ಹಾಕಿದೆ. ಇಷ್ಟು ದಿನದ ತಕ್ಕಡಿಗಳಲ್ಲಿ ಅರ್ಧಕ್ಕರ್ಧ ಸರಿಯಾಗೇ ಇದ್ವು. ಬೆಕ್ಕು ಯಾವತ್ತೂ ಹಾಲು ಬಿಟ್ಟಿರಲಿಲ್ಲ."

"ಬೆಕ್ಕಿನ ವಿಷಯಾ ನನಗ ಅವತ್ತ ಗೊತ್ತಿತ್ರಿ," ಎಂದ ಅವನು. "ನಾನೂ ಸುಮ್ಮನಿದ್ದೆ."

ಈರಭದ್ರಯ್ಯನವರು ಯಾರನ್ನು ಬೈಯಬೇಕೆಂದು ತಿಳಿಯದೆ ಇಬ್ಬರ ಕಡೆಗೂ ಕೈ ಬೀಸಿದರು. "ಇದು ಹುಡುಗಾಟವಲ್ಲ! ಕೋವಿ ಯಾರ ಮನೆಯಲ್ಲಿರಬೇಕು ಅಂತ ಕಮಿಟಿ ಈಗಲೇ ಕೂತು ತೀರ್ಮಾನ ಮಾಡ್ತದೆ!" ಎಂದರು.

"ಈಗಲೇ ಹೆಂಗ್ ಕೂತ್ಕೊಳ್ಳುತ್ತೆ?" ಎಂದಳು ಅತ್ತೆ, ಜಗಲಿಯ ಕಂಬಕ್ಕೆ ಒರಗಿಕೊಂಡು. "ಕಮಿಟಿ ಕೂರೋದು ಸಂಜೆ ಆದ್ಮೇಲೆ ಅಲ್ವೇನಪ್ಪ ಈರಭದ್ರ? ಸಂಜೆ ಎಲ್ಲಾಗಿದೆ?"

ಎಲ್ಲರೂ ಗುಡ್ಡದ ಕಡೆ ನೋಡಿದರು. ಸೂರ್ಯ ಇಳಿಯುವ ಯಾವ ಲಕ್ಷಣವೂ ಇರಲಿಲ್ಲ. ಮೊದಲು ಒಬ್ಬರು ನಕ್ಕರು, ಆಮೇಲೆ ಬೀದಿಯೇ ನಕ್ಕಿತು, ಕಡೆಗೆ ಈರಭದ್ರಯ್ಯನವರ ಮೀಸೆಯೂ ಅಲುಗಾಡಿತು. ನಾವಿಬ್ಬರು ಮಾತ್ರ ನಗುವುದನ್ನೂ ಮರೆತು, ಒಂದು ಮಾರು ದೂರದಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದೆವು.

ಆಗ ಗುಂಪಿನ ಹಿಂದಿನಿಂದ ದಾಸೇಗೌಡರು ಎಲೆಅಡಿಕೆ ಉಗಿದು ಗಂಟಲು ಸರಿಮಾಡಿಕೊಂಡರು. "ಅಲ್ಲ ಕಣಪ್ಪ, ನಾನು ಯಾವಾಗಾದ್ರೂ ಹೊರಡಲೇಬೇಕಲ್ಲ. ಬಸ್ಸಿನ ಮ್ಯಾಲೆ ನಿನ್ನ ಚೀಲ ಐತೆ. ಏನ್ ಮಾಡ್ಲಿ, ಇಳಿಸ್ಲಾ?"

ಅವನು ನನ್ನನ್ನು ನೋಡಿದ. ಅಂಕಿ ನಿಲ್ಲುವುದನ್ನು ಕಾಯುತ್ತ ಉಸಿರು ಹಿಡಿದು ಕೂರುತ್ತಿದ್ದನಲ್ಲ, ಹಾಗೆಯೇ ನಿಂತಿದ್ದ.

"ಇಳಿಸಿ ದಾಸೇಗೌಡ್ರೇ," ಎಂದೆ ನಾನು. "ಜೋಪಾನವಾಗಿ ಇಳಿಸಿ."